ಮೂರು ಸೆಕೆಂಡಿನ ಬಾಗಿಲು

೧೨ ಜೂನ್ ೧೯೮೯, ಪೆಕಲೋಂಗನ್, ಜಾವಾ

ಎರಡನೇ ಅಧ್ಯಾಯ ಇವತ್ತೂ ಮುಗಿಯಲಿಲ್ಲ. ಬಟ್ಟೆ ಸುತ್ತುವ ಯಂತ್ರದ ಕೈಪಿಡಿಯನ್ನು ಕೆಲಸಗಾರರಿಗೆ ತಿಳಿಯುವಂತೆ ಬರೆಯಬೇಕು. ಸಾಹಿತ್ಯ ಓದಿದವಳು, ಬರೆದಾಳು ಅಂತ ಮಿಲ್ಲಿನವರ ನಂಬಿಕೆ.

ಎಸ್‌ಸಿಆರ್ ಅಂದರೇನೆಂದು ಎಲೆಕ್ಟ್ರಿಷಿಯನ್ ಕರ್ಯಾದಿಯವರನ್ನು ಮೂರನೇ ಸಲ ಕೇಳಿದೆ. ಬೇಸರಿಸಲಿಲ್ಲ. ಮೋಟಾರಿಗೆ ಹೋಗುವ ವಿದ್ಯುತ್ತಿನ ಬಾಗಿಲಂತೆ ಅದು. ಸಣ್ಣ ಸನ್ನೆ ಸಿಗುವವರೆಗೆ ತೆರೆಯದು. ತೆರೆದರೆ, ಪ್ರವಾಹ ಬತ್ತುವವರೆಗೆ ಮುಚ್ಚದು. ಸನ್ನೆ ತಡವಾದಷ್ಟೂ ವೇಗ ಕಡಿಮೆ.

ಸನ್ನೆ ಸಿಗದೆ ತೆರೆಯದ ಬಾಗಿಲು ನಾನು. ತೆರೆದರೆ ಮುಚ್ಚದ್ದು ತುಮಿನಿ ಅಕ್ಕ — ಯಂತ್ರ ನಡೆಸುವವರು. ಬಾಯಿ ತೆರೆದರೆ...

೧೪ ಜೂನ್

ಬ್ರೇಕು. ಹಿಡಿದು ನಿಲ್ಲಿಸುವಂಥದ್ದು ಏನೂ ಇಲ್ಲ! ನಿಲ್ಲಿಸುವ ಗುಂಡಿ ಒತ್ತಿದರೆ ಮೋಟಾರಿಗೆ ವಿದ್ಯುತ್ ಬರುವುದಿಲ್ಲ, ಆದರೆ ತಿರುಗುತ್ತಲೇ ಇರುತ್ತದಲ್ಲ — ಆಗ ಅದೇ ವಿದ್ಯುತ್ ಹುಟ್ಟಿಸುತ್ತದೆ. ಅದನ್ನು ಕಬ್ಬಿಣದ ಪೆಟ್ಟಿಗೆಯೊಳಗಿನ ಮೂರು ಸುರುಳಿಗಳಿಗೆ ಹರಿಸುತ್ತಾರೆ. ಓಟವೆಲ್ಲ ಬಿಸಿಯಾಗಿ ಮುಗಿಯುತ್ತದೆ.

ಪೆಟ್ಟಿಗೆಯ ಮೇಲೆ, ಬೆಚ್ಚಗಿರಲೆಂದು, ಎಲ್ಲರ ಊಟದ ಪೊಟ್ಟಣಗಳು. ಬಾಳೆಎಲೆಯಲ್ಲಿ ಅನ್ನ, ಎಳೆ ಹಲಸಿನ ಪಲ್ಯ ಮೆಗೊನೊ. ತಳವೆಲ್ಲ ಕರಕಲು. "ನಿಮ್ಮ ಯಂತ್ರ ನಮ್ಮತ್ತೆಗಿಂತ ಚೆನ್ನಾಗಿ ಸೀಯಿಸುತ್ತೆ" ಎಂದರು ತುಮಿನಿ ಅಕ್ಕ.

೧೫ ಜೂನ್

ಇವತ್ತು ಯಂತ್ರದ ತರ್ಕದ ಫಲಕ, ಲಾಜಿಕ್ ಬೋರ್ಡ್. ಹೊರಡಿಸುವ ಗುಂಡಿ ಒತ್ತಿರಬೇಕು, ಬಟ್ಟೆ ಸುತ್ತುವ ಉರುಳೆಯ ಮುಂದಿನ ಜಾಲರಿ ಬಾಗಿಲೂ ಮುಚ್ಚಿರಬೇಕು. ಎರಡೂ ನಿಜವಾದರೆ ಮಾತ್ರ ಯಂತ್ರ ಹೊರಡುವುದು. ಹೌದು, ಇಲ್ಲ. ಅಷ್ಟೇ. 'ಬಹುಶಃ' ಇಲ್ಲದ ಭಾಷೆ — ನನ್ನಂಥವಳು ಅದರಲ್ಲಿ ಮೂಗಿ.

ನಿಲ್ಲಿಸಿದ ಮೂರು ಸೆಕೆಂಡಿಗೆ ಬಾಗಿಲ ಬೀಗ ಬಿಡುತ್ತದೆ. ಎಣಿಸಿದೆ. ಉರುಳೆ ಅದಕ್ಕೂ ಚೂರು ಮೊದಲೇ ನಿಂತಿರುತ್ತದೆ.

೨೭ ಜೂನ್

ಜ್ವರ ಬಿಟ್ಟಿತು. ಇವತ್ತು ಮಿಲ್ಲಿಗೆ ಹೋದೆ. ಮೆಗೊನೊ ಹದವಾಗಿ ಬೆಚ್ಚಗಿತ್ತು! ತುಮಿನಿ ಅಕ್ಕನಿಗೆ ಹೆಮ್ಮೆ: "ನಾನು ಗೋಗರೆದದ್ದಕ್ಕೆ ನಿನ್ನ ಕರ್ಯಾದಿ ಗುರುಗಳು ಒಲೆ ಸರಿ ಮಾಡಿಕೊಟ್ರು ಕಣೇ." ಮೂರರಲ್ಲಿ ಒಂದು ಸುರುಳಿಯ ತಂತಿ ಬಿಚ್ಚಿದ್ದಾರೆ, ಅಷ್ಟೇ.

ಚಪ್ಪರಿಸಿ ತಿಂದೆ. ಕೈ ತೊಳೆಯುವಾಗ ಹೊಳೆಯಿತು — ಬಿಸಿ ಕಡಿಮೆಯಾದರೆ ಓಟ ಎಲ್ಲಿ ಹೋಯಿತು?

ಅದೇ ದಿನ, ಸಂಜೆ ೪

ಎಣಿಸಿದೆ. ಮತ್ತೆ ಎಣಿಸಿದೆ. ಮೂರಕ್ಕೆ ಬೀಗ ಕಟಕ್ ಎನ್ನುತ್ತದೆ. ಉರುಳೆ ನಿಲ್ಲುವುದು ಐದಕ್ಕೆ. ಬೀಗಕ್ಕೆ ಉರುಳೆ ಕಾಣುವುದಿಲ್ಲ, ಅದು ಬರೀ ಎಣಿಸುತ್ತದೆ. ತುಮಿನಿ ಅಕ್ಕ ನೋಡುವುದೇ ಇಲ್ಲ. ಕಟಕ್ ಎಂದರೆ ಕೈ ಒಳಗೆ. ಇವತ್ತು ಅಂಗಿ ತೋಳಿನ ಅಂಚು ಉರುಳೆಗೆ ತಗುಲಿತು. ನಗುತ್ತಾ ಎಳೆದುಕೊಂಡರು.

ಹಿರಿಯರ ತಪ್ಪನ್ನು ನಮ್ಮಲ್ಲಿ ಎದುರಿಗೆ ಹೇಳುವುದಿಲ್ಲ. ಸಂದೇಹ ಕೇಳಬಹುದು. ಕೈಪಿಡಿ ಹಿಡಿದು ಕರ್ಯಾದಿಯವರ ಬಳಿ ಹೋದೆ.

"ಬಾಪಾ, ಈಗ ಅನ್ನ ಸೀಯಲ್ಲವಲ್ಲ. ಆ ಬಿಸಿ ಎಲ್ಲಿ ಹೋಯ್ತು ಅಂತ ಬರೀಲಿ?"

ನಕ್ಕರು. ಪೆಟ್ಟಿಗೆಯತ್ತ ನೋಡಿದರು. ಆಮೇಲೆ ತುಮಿನಿ ಅಕ್ಕನ ಕೈಗಳತ್ತ. ನಗು ಹೋಯಿತು.

"ಉರುಳೇಲೇ ಉಳೀತು, ಮಗಳೇ."

ತಾವೇ ಹೋಗಿ ಮೇನ್ ಸ್ವಿಚ್ ಇಳಿಸಿದರು. ಸ್ಪ್ಯಾನರ್ ಹುಡುಕಿ ತಂದು, ಬಿಚ್ಚಿದ್ದ ತಂತಿಯನ್ನು ಮತ್ತೆ ಬಿಗಿದರು. ಟಾರ್ಚ್ ನಾನು ಹಿಡಿದೆ.

೨೮ ಜೂನ್, ಮಧ್ಯಾಹ್ನ, ಯಂತ್ರದ ಪಕ್ಕ

ಅನ್ನ ಸೀದಿದೆ. ನನ್ನ ಒಲೆಗೆ ಯಾರ ಕಣ್ಣು ಬಿತ್ತೋ ಎಂದು ತುಮಿನಿ ಅಕ್ಕ ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದಾರೆ. ಕರ್ಯಾದಿಯವರು ತಲೆ ತಗ್ಗಿಸಿ ಕರಕಲನ್ನೂ ತಿಂದರು. ನಾನೂ.

ಬೈಯುತ್ತಲೇ ನಿಲ್ಲಿಸುವ ಗುಂಡಿ ಒತ್ತಿದರು. ಕೈ ಆಗಲೇ ಬಾಗಿಲ ಮೇಲೆ. ಒಂದು... ಎರಡು — ಉರುಳೆ ನಿಂತಿತು. ಮೂರು. ಕಟಕ್.