ಅಕ್ಕನ ಹಿತ್ತಲಿನ ಮಣ್ಣು

ಅಮ್ಮಾ,

ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ನಿನ್ನ ಕೆಮ್ಮು ಕಡಿಮೆಯಾಗಿದೆಯೆಂದು ಅಕ್ಕ ಬರೆದಿದ್ದಾಳೆ.

ನೀನು ಹದಿನೆಂಟು ವರ್ಷ ಗುಡಿಸಿದ ರಸ್ತೆಯ ಮಣ್ಣನ್ನು ಈ ವಾರ ಪರೀಕ್ಷಿಸಿದೆ. ವಾಹನಗಳ ಹೊಗೆಯಲ್ಲಿ, ಸವೆದ ಬ್ರೇಕಿನ ಪುಡಿಯಲ್ಲಿ ಕಬ್ಬಿಣದ ಕಣಗಳಿರುತ್ತವೆ. ಮಣ್ಣಿಗೆ ಎಷ್ಟು ಅಯಸ್ಕಾಂತದ ಗುಣ ಬಂದಿದೆಯೆಂದು ಅಳೆದರೆ ಅದು ಎಷ್ಟು ಕೆಟ್ಟಿದೆಯೆಂಬ ಅಂದಾಜು ಸಿಗುತ್ತದೆ. ಇಡೀ ಊರಿನಲ್ಲಿ ಅತಿ ಹೆಚ್ಚು ಬಂದದ್ದು ನೀನು ಬುತ್ತಿ ಬಿಚ್ಚಿ ಕೂರುತ್ತಿದ್ದ ಸಿಗ್ನಲ್ ಕಟ್ಟೆಯ ಬುಡದಲ್ಲಿ. "ನೋಡಿ ಮೇಡಂ, ಮೀಟರ್ ಹೇಗೆ ಏರ್ತು!" ಎಂದು ಜೊತೆಗಿದ್ದವರು ಹಿಗ್ಗಿದರು. ನಾನು ಅಂಕಿ ಬರೆದುಕೊಂಡು, ನೀರು ಕುಡಿಯುವ ನೆಪದಲ್ಲಿ ಆಚೆ ಹೋದೆ.

"ನನ್ನನ್ನ ಸಾಗಹಾಕ್ತಿದ್ದೀಯ" ಎಂದು ಅಕ್ಕನ ಊರಿನ ಬಸ್ಸು ಹತ್ತುವಾಗ ಅಂದೆಯಲ್ಲ, ಆಮೇಲೆ ಫೋನಿಗೂ ಬರಲಿಲ್ಲ. ಡಾಕ್ಟರ ಮಾತು ಕೇಳಿ ಕಳಿಸಿದ್ದು ಸರಿಯೆಂದು ಈಗ ಮೀಟರೂ ಹೇಳುತ್ತಿದೆ. ಆದರೂ ಮನೆಗೆ ಬಂದರೆ ಸುತ್ತಿಟ್ಟ ನಿನ್ನ ಹಾಸಿಗೆಯೇ ಕಣ್ಣಿಗೆ ಬೀಳುತ್ತದೆ.

ಹೋಲಿಸಿ ನೋಡಲು ವಾಹನ ಓಡಾಡದ ಜಾಗದ ಮಣ್ಣು ಬೇಕು. ಅಕ್ಕನ ಹಿತ್ತಲು ಆಗುತ್ತದೆಂದು ಸಾಹೇಬರನ್ನು ಒಪ್ಪಿಸಿದ್ದೇನೆ. "ಒಂದು ಹಿಡಿ ಮಣ್ಣಿಗೆ ಎರಡು ದಿನ ಯಾಕ್ರೀ?" ಎಂದರು. ಅರ್ಜಿಗೆ ಸಹಿ ಹಾಕಿಸಿಕೊಂಡು ಬಂದೆ.

ಭಾನುವಾರ ಬರುತ್ತೇನೆ. ಮಾತಾಡಲು ಮನಸ್ಸಿಲ್ಲದಿದ್ದರೆ ಬೇಡ, ಪಕ್ಕದಲ್ಲಿ ಕೂರಲು ಜಾಗ ಕೊಡು.

ನಿನ್ನ ಕಿರಿಮಗಳು