ಮೆಷಿನಿನ ಮುಚ್ಚಳ

ರೈಸ್‌ವೈಕ್, ಶನಿವಾರ

ವಿಖ್ಯಾತಣ್ಣನಿಗೆ ಅಶ್ವಿತಾಳ ನಮಸ್ಕಾರ.

ನಿನ್ನೆ ಸೇಫ್ಟಿ ಇನ್‌ಸ್ಪೆಕ್ಟರ್ ಹೋದ ಮೇಲೆ ನೀವು ನಿಮ್ಮ ಹೋಟೆಲಿನ ಎಲ್ಲರೆದುರು ನನ್ನ ಮೇಲೆ ಕೂಗಾಡಿದಿರಿ. ಅದಕ್ಕೆ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಕೆಲಸ ಬೇಗ ಸಾಗಲೆಂದು ಹಿಟ್ಟು ನಾದುವ ಮೆಷಿನಿನ ಮುಚ್ಚಳ ತೆಗೆಸಿದವರು ನೀವು. ನನ್ನ ಜೊತೆ ಕೆಲಸ ಮಾಡುವ ಪುಷ್ಪಾವತಿ ಅಕ್ಕನ ಬೆರಳುಗಳು ಮುರಿದದ್ದು ಅದರಲ್ಲೇ. ಇನ್‌ಸ್ಪೆಕ್ಟರ್ ಬರುತ್ತಾರೆಂದು ನಿನ್ನೆ ಬೆಳಿಗ್ಗೆ ಮುಚ್ಚಳ ಹಾಕಿಸಿದಿರಿ. ಬ್ಯಾಂಡೇಜು ಯಾರಿಗೂ ಕಾಣಬಾರದೆಂದು ಅಕ್ಕನನ್ನು ಮನೆಯಲ್ಲೇ ಇರಲು ಹೇಳಿದಿರಿ.

"ಮುಚ್ಚಳ ಯಾವಾಗಲೂ ಇರುತ್ತದಾ?" ಎಂದು ಇನ್‌ಸ್ಪೆಕ್ಟರ್ ನನ್ನನ್ನು ಕೇಳಿದರು. ನೀವು ಹಿಂದಿನಿಂದ ತುಳುವಿನಲ್ಲಿ, "ಹೌದು ಅಂತ ಹೇಳು" ಅಂದಿರಿ. ನಾನು ಡಚ್ಚಿನಲ್ಲಿ, "ಇಲ್ಲ, ಇವತ್ತೇ ಹಾಕಿದ್ದು" ಅಂದೆ. ಅಕ್ಕನ ಬೆರಳಿನ ವಿಷಯವನ್ನೂ ಹೇಳಿದೆ.

"ನಮ್ಮೂರಿನವಳಾಗಿ ಹೀಗೆ ಮಾಡಿದೆಯಲ್ಲ" ಎಂದಿರಿ. ಹಾಗಾದರೆ ಅಕ್ಕ ಯಾವ ಊರಿನವರು, ಅಣ್ಣ?

ಕೈ ವಾಸಿಯಾಗಿ ಬಂದಾಗ ಅವರ ಕೆಲಸ ಅವರಿಗೇ ಇರಬೇಕು. ಸೋಮವಾರ ನಾನೂ ಎಂದಿನಂತೆ ಬರುತ್ತೇನೆ. ಮುಚ್ಚಳ ತೆಗೆದರೆ ಮೆಷಿನ್ ಮುಟ್ಟುವುದಿಲ್ಲ.

ನಾನು ಕ್ಷಮೆ ಕೇಳಬೇಕು ಎಂದಿರಿ. ಕೇಳುವುದಿಲ್ಲ. ನೀವು ಅಕ್ಕನ ಮನೆಗೆ ಹೋಗಿ ಕೇಳುವುದಾದರೆ ಹೇಳಿ, ಜೊತೆಗೆ ಬರುತ್ತೇನೆ.

ಇತಿ,
ನಿಮ್ಮ ಅಡುಗೆಮನೆಯ
ಅಶ್ವಿತಾ