ಪುಟ್ಟಿಯ ಹಣೆಯ ಮೇಲಿನ ಬೆಳಕು

ಭಾವ, ಹೆದರಬೇಡಿ, ತಾಯಿ ಮಗಳು ಇಬ್ಬರೂ ಕ್ಷೇಮ.

ತಿಂಗಳು ತುಂಬದೆ ಹುಟ್ಟಿದ ನಿಮ್ಮ ಮಗಳ ಮೆದುಳಿಗೆ ಆಮ್ಲಜನಕ ಸಾಕಷ್ಟು ತಲುಪುತ್ತಿದೆಯೇ ಎಂಬುದೇ ಇಲ್ಲಿ ಎಲ್ಲರ ಆತಂಕವಾಗಿತ್ತು. ಇಂದು ಅವಳ ಹಣೆಗೆ ಬೆರಳಗಲದ ಪಟ್ಟಿ ಅಂಟಿಸಿದರು. ಸೂಜಿ ಚುಚ್ಚಲಿಲ್ಲ. ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕು ತಲೆಬುರುಡೆ ದಾಟಿ ಒಳಹೊಕ್ಕು, ಮರಳಿ ಬಂದು, ಅಲ್ಲಿನ ರಕ್ತದ ಸುದ್ದಿ ಹೇಳುತ್ತದೆ. ವಿಜ್ಞಾನ ಜನರ ಸೊತ್ತು ಎಂದು ನಮ್ಮ ಸಂಘದಿಂದ ನಾನು ಹಂಚಿದ ಯಾವ ಕರಪತ್ರದಲ್ಲೂ ಇದರ ಮಾತಿರಲಿಲ್ಲ.

ಆದರೆ ಪಟ್ಟಿಗೆ ಜೋಡಿಸಿದ ಯಂತ್ರದ ಅಂಕಿ ಒಂದೇ ಸಮನೆ ಏರಿಳಿಯಿತು. ಅಕ್ಕ ಬಿಳಿಚಿಕೊಂಡಳು.

"ಕಿಟಕಿ ಪರದೆ ಸರಿಸಿದ್ದು ಯಾರು?" ಎಂದರು ನರ್ಸಮ್ಮ.

"ನಾನೇ. ಬಿಸಿಲು ಎಲ್ಲರ ಹಕ್ಕು."

"ಹಕ್ಕು ಹೊರಗಡೆ ಇಟ್ಕೊಳ್ಳಪ್ಪ. ಆ ಬಿಸಿಲು ನಮ್ಮ ಪಟ್ಟಿಯೊಳಗೆ ನುಗ್ಗಿ ಅಂಕಿ ಕೆಡಿಸ್ತಿದೆ."

ಪಟ್ಟಿಯ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ಅಂಕಿ ಎಪ್ಪತ್ತೆರಡಕ್ಕೆ ಬಂದು ನಿಂತಿತು. "ಮೆದುಳಲ್ಲಿ ಇಷ್ಟಿದ್ರೆ ಚಿಂತೆಯಿಲ್ಲ," ಎಂದರು ಡಾಕ್ಟರು.

ಅಕ್ಕ ಇಂದು ಹೊಟ್ಟೆತುಂಬ ಉಂಡಳು. ಎಂಟು ದಿನದಿಂದ ಮಗುವಿಗೆ ಏನು ಹೆಸರಿಡೋಣ ಎಂದರೆ ಮುಖ ತಿರುಗಿಸುತ್ತಿದ್ದವಳು, ಈಗ "ನಿನ್ನ ಭಾವಂಗೆ ಬರಿ, ಒಳ್ಳೆ ಹೆಸರು ಹುಡುಕ್ಲಿ" ಎನ್ನುತ್ತಿದ್ದಾಳೆ. ಕಾರ್ಡು ತುಂಬಿತು. ಬೇಗ ಒಂದು ಹೆಸರು ಬರೆದು ಕಳಿಸಿ.

ನಿಮ್ಮ ಭಾವಮೈದುನ